ಗೆರೆ ದಾಟಿದ ಚೆಂಡು ಮರಳುವ ಬಗೆ: ರಗ್ಬಿಯ ಟಚ್ ನಿಯಮವನ್ನು ಓದುವುದು ಹೇಗೆ?

2011ರ ಮಾರ್ಚ್ 12ರಂದು ಕಾರ್ಡಿಫ್‌ನ ಮಿಲೇನಿಯಂ ಸ್ಟೇಡಿಯಂನಲ್ಲಿ ವೇಲ್ಸ್ ಮತ್ತು ಐರ್ಲೆಂಡ್ ತಂಡಗಳು ಯುರೋಪಿನ ಆರು ತಂಡಗಳ ರಗ್ಬಿ ಸ್ಪರ್ಧೆಯಾದ ಸಿಕ್ಸ್ ನೇಷನ್ಸ್‌ನ ಪಂದ್ಯ ಆಡುತ್ತಿದ್ದವು. ದ್ವಿತೀಯಾರ್ಧ ಆರಂಭವಾಗಿ ಸುಮಾರು ಹತ್ತು ನಿಮಿಷ ಕಳೆದಿತ್ತು, ಐರ್ಲೆಂಡ್ 13-9ರ ಮುನ್ನಡೆಯಲ್ಲಿತ್ತು. ಐರ್ಲೆಂಡ್ ಆಟಗಾರ ಒದ್ದ ಚೆಂಡು ಮೈದಾನದ ಪಕ್ಕದ ಗೆರೆಯಾದ ಟಚ್‌ಲೈನ್ ದಾಟಿ ಪ್ರೇಕ್ಷಕರ ಕಡೆಗೆ ಹೋಯಿತು. ಗೆರೆಯ ಪಕ್ಕದಲ್ಲಿದ್ದ ಬಾಲ್ ಬಾಯ್ ತನ್ನ ಬಳಿಯಿದ್ದ ಬೇರೊಂದು ಚೆಂಡನ್ನು ವೇಲ್ಸ್ ನಾಯಕ ಮ್ಯಾಥ್ಯೂ ರೀಸ್ ಅವರ ಕೈಗಿತ್ತ. ರೀಸ್ ತಡಮಾಡದೆ ಅದನ್ನು ಮೈಕ್ ಫಿಲಿಪ್ಸ್‌ಗೆ ಎಸೆದರು. ಎದುರಾಳಿಗಳು ಲೈನ್‌ಔಟ್‌ಗೆಂದು (ಎರಡೂ ತಂಡದವರು ಸಾಲಾಗಿ ನಿಂತು, ಗೆರೆಯ ಹೊರಗಿನಿಂದ ಎಸೆದ ಚೆಂಡಿಗಾಗಿ ಪೈಪೋಟಿ ನಡೆಸುವ ಕ್ರಮ) ಇನ್ನೂ ನಡೆದು ಬರುತ್ತಿದ್ದಾಗಲೇ ಫಿಲಿಪ್ಸ್ ಗೆರೆಯ ಅಂಚಿನಲ್ಲಿ ಓಡಿ ಮೂಲೆಯಲ್ಲಿ ಟ್ರೈ ದಾಖಲಿಸಿದರು, ಅಂದರೆ ಗೋಲ್‌ಲೈನ್ ಆಚೆ ಚೆಂಡನ್ನು ನೆಲಕ್ಕೆ ಒತ್ತಿ ಅಂಕ ಗಳಿಸಿದರು. ಐರಿಷ್ ಆಟಗಾರರು ಆಕ್ಷೇಪವೆತ್ತಿದಾಗ ರೆಫರಿ ಜೊನಾಥನ್ ಕಪ್ಲನ್ ತಮ್ಮ ಸಹಾಯಕ ರೆಫರಿ ಪೀಟರ್ ಅಲನ್ ಅವರನ್ನು ಕೇಳಿದ್ದು ಒಂದೇ ವಿಷಯ: ಹೊರಗೆ ಹೋದದ್ದೂ ಒಳಗೆ ಬಂದದ್ದೂ ಒಂದೇ ಚೆಂಡೇ? ಹೌದು ಎಂಬ ಉತ್ತರ ಬಂತು. ಚೆಂಡು ಬದಲಾದದ್ದನ್ನು ಟೆಲಿವಿಷನ್ ನೋಡುತ್ತಿದ್ದವರೆಲ್ಲ ಕಂಡಿದ್ದರು, ಆದರೆ ಇಂಥ ಪ್ರಶ್ನೆಯನ್ನು ವಿಡಿಯೊ ಅಧಿಕಾರಿಗೆ ಒಪ್ಪಿಸಲು ಆಗಿನ ನಿಯಮದಲ್ಲಿ ಅವಕಾಶವಿರಲಿಲ್ಲ. ಟ್ರೈ ಊರ್ಜಿತವಾಯಿತು, ಪಂದ್ಯ 19-13ರಿಂದ ವೇಲ್ಸ್ ಪಾಲಾಯಿತು.

ಈ ಪ್ರಸಂಗವನ್ನು ರೆಫರಿಯ ತಪ್ಪಿಗೆ ಉದಾಹರಣೆಯಾಗಿ ಹೇಳುವವರೇ ಹೆಚ್ಚು. ಅದರಲ್ಲಿ ಇನ್ನೂ ಉಪಯುಕ್ತವಾದ ಒಂದು ಪಾಠವಿದೆ ಎಂದು ನನಗನ್ನಿಸುತ್ತದೆ. ಸಹಾಯಕ ರೆಫರಿ ಬೇರೆ ಚೆಂಡು ಎಂದು ಸರಿಯಾಗಿ ಹೇಳಿದ್ದರೆ ಏನಾಗುತ್ತಿತ್ತು? ಚೆಂಡು ಐರ್ಲೆಂಡ್‌ಗೆ ಹೋಗುತ್ತಿರಲಿಲ್ಲ. ಅದೇ ಜಾಗದಲ್ಲಿ ಲೈನ್‌ಔಟ್ ಆಗುತ್ತಿತ್ತು, ಎಸೆಯುವ ಹಕ್ಕು ವೇಲ್ಸ್‌ಗೇ ಇರುತ್ತಿತ್ತು. ವೇಲ್ಸ್ ಕಳೆದುಕೊಳ್ಳಬೇಕಾಗಿದ್ದದ್ದು ಚೆಂಡನ್ನಲ್ಲ, ಅವಸರವನ್ನು. ರಗ್ಬಿಯ ನಿಯಮಪುಸ್ತಕ ಚೆಂಡು ಯಾರದು ಎಂಬುದನ್ನೂ ಅದನ್ನು ಎಷ್ಟು ಬೇಗ ಆಟಕ್ಕೆ ತರಬಹುದು ಎಂಬುದನ್ನೂ ಬೇರೆಬೇರೆಯಾಗಿ ತೀರ್ಮಾನಿಸುತ್ತದೆ. ಈ ಭೇದ ಗೊತ್ತಿಲ್ಲದೆ ಟಚ್ ನಿಯಮವನ್ನು, ಅಂದರೆ ಪಕ್ಕದ ಗೆರೆಯಾಚೆ ಹೋದ ಚೆಂಡಿನ ನಿಯಮವನ್ನು, ಓದಿದರೆ ಪ್ರತಿ ತೀರ್ಪೂ ಅನ್ಯಾಯದಂತೆ ಕಾಣುತ್ತದೆ.

ಈಗಿನ ನಿಯಮಪುಸ್ತಕದಲ್ಲಿ ಇದು 18ನೇ ನಿಯಮ. ಆಟದ ಜಾಗತಿಕ ಆಡಳಿತ ಸಂಸ್ಥೆಯಾದ ವರ್ಲ್ಡ್ ರಗ್ಬಿ ತನ್ನ ನಿಯಮಗಳನ್ನು ಸರಳಗೊಳಿಸಿ 2018ರಲ್ಲಿ ಹೊಸದಾಗಿ ಜೋಡಿಸುವ ಮೊದಲು ಇದು 19ನೇ ನಿಯಮವಾಗಿತ್ತು. ಹಳೆಯ ಚರ್ಚೆಗಳನ್ನು ಓದುವವರು ಈ ವ್ಯತ್ಯಾಸವನ್ನು ನೆನಪಿಡಬೇಕು. ಸಂಖ್ಯೆ ಯಾವುದೇ ಇರಲಿ, ಚೆಂಡು ಅಂಚಿಗೆ ಹೋದಾಗಲೆಲ್ಲ ರೆಫರಿ ಮೂರು ಸಂಗತಿಗಳನ್ನು ಒಂದಾದ ಮೇಲೊಂದರಂತೆ ನಿರ್ಧರಿಸಬೇಕಾಗುತ್ತದೆ: ಚೆಂಡು ನಿಜವಾಗಿ ಹೊರಗೆ ಹೋಯಿತೇ, ಅದನ್ನು ಹೊರಗೆ ಒಯ್ದವರು ಯಾರು, ಎಲ್ಲಿಂದ ಯಾವ ರೀತಿ ಅದು ಒಳಗೆ ಬರಬೇಕು. ಈ ಕ್ರಮ ಮುಖ್ಯ. ಎರಡನೆಯದಕ್ಕೆ ಉತ್ತರ ಸಿಗದೆ ಮೂರನೆಯದನ್ನು ಕುರಿತು ವಾದ ಮಾಡುವುದರಿಂದಲೇ ಬಹುಪಾಲು ಗೊಂದಲ ಹುಟ್ಟುತ್ತದೆ.

ಮೊದಲ ಪ್ರಶ್ನೆ ಸುಲಭದ್ದೆಂದು ತೋರುತ್ತದೆ. ಟಚ್‌ಲೈನ್ ಮೈದಾನದ ಭಾಗವಲ್ಲ, ಹೊರಗಿನ ಭಾಗ. ಹಾಗಾಗಿ ಚೆಂಡಾಗಲಿ, ಚೆಂಡು ಹಿಡಿದವನಾಗಲಿ ಗೆರೆಯನ್ನು ಮುಟ್ಟಿದರೆ ಸಾಕು, ದಾಟಬೇಕಾಗಿಲ್ಲ. ಆದರೆ ಮುಟ್ಟುವುದು ಎಂಬ ಮಾತಿನಲ್ಲೇ ಇನ್ನೊಂದು ಅರ್ಥವೂ ಅಡಗಿದೆ. ಚೆಂಡು ಗೆರೆಯ ಮೇಲಿನ ಗಾಳಿಯಲ್ಲಿ ಹೊರಗೆ ಹೋಗಿ, ಯಾವುದಕ್ಕೂ ತಾಗದೆ ಗಾಳಿಗೆ ತಿರುಗಿ ಮೈದಾನದೊಳಗೇ ಬಿದ್ದರೆ ಆಟ ನಿಲ್ಲುವುದಿಲ್ಲ. ಗೆರೆಯ ಮೇಲೆ ನೆಟ್ಟಗೆ ಎದ್ದು ನಿಂತ ಒಂದು ಕಾಣದ ಗೋಡೆಯನ್ನು ನಿಯಮ ಕಲ್ಪಿಸಿಕೊಳ್ಳುತ್ತದೆ. ಚೆಂಡು ಆ ಗೋಡೆಯನ್ನು ತಲುಪಿತೇ ಇಲ್ಲವೇ ಎಂಬುದರಿಂದ ಅದು ಹೊರಗೆ ಹೋಯಿತೇ ಎಂಬುದಕ್ಕಿಂತ ಹೆಚ್ಚಾಗಿ, ಅದನ್ನು ಹೊರಗೆ ಹಾಕಿದವರು ಯಾರು ಎಂಬುದು ತೀರ್ಮಾನವಾಗುತ್ತದೆ.

ಒಂದು ದೃಶ್ಯವನ್ನು ಹತ್ತಿರದಿಂದ ನೋಡೋಣ. ಎದುರಾಳಿ ಒದ್ದ ಚೆಂಡು ಉರುಳುತ್ತ ಬಂದು ಟಚ್‌ಲೈನ್‌ನಿಂದ ಒಂದು ಗೇಣು ಒಳಗೆ ನಿಧಾನವಾಗುತ್ತಿದೆ. ರಕ್ಷಣೆಯ ಆಟಗಾರ ಎಡಗಾಲನ್ನು ಬಿಳಿ ಗೆರೆಯ ಮೇಲೆ ಊರಿ, ಬಾಗಿ, ಚೆಂಡನ್ನು ಎತ್ತಿಕೊಳ್ಳುತ್ತಾನೆ. ಅವನ ಕಾಲು ಹೊರಗಿದೆ, ಆದ್ದರಿಂದ ಚೆಂಡು ಟಚ್‌ನಲ್ಲಿದೆ. ಇಷ್ಟರ ಬಗ್ಗೆ ಎಲ್ಲರೂ ಒಪ್ಪುತ್ತಾರೆ. ಎಸೆಯುವ ಹಕ್ಕು ಯಾರದು? 2017ಕ್ಕೆ ಮೊದಲು ಚೆಂಡು ಚಲಿಸುತ್ತಿತ್ತೇ ನಿಂತಿತ್ತೇ ಎಂದು ನೋಡಬೇಕಾಗಿತ್ತು. ಚಲಿಸುತ್ತಿದ್ದರೆ ಅದನ್ನು ಒದ್ದವನೇ ಹೊರಗೆ ಹಾಕಿದಂತೆ, ನಿಂತಿದ್ದರೆ ಎತ್ತಿಕೊಂಡವನು ಒಯ್ದಂತೆ. ಹೀಗಾಗಿ ಚಾಣಾಕ್ಷ ಆಟಗಾರರು ಚೆಂಡು ಇನ್ನೂ ಉರುಳುತ್ತಿರುವಾಗಲೇ ಗೆರೆಯ ಮೇಲೆ ಕಾಲಿಟ್ಟು ಅದನ್ನು ಹಿಡಿದು ಥ್ರೋ, ಅಂದರೆ ಎಸೆಯುವ ಹಕ್ಕನ್ನು, ಗಳಿಸುತ್ತಿದ್ದರು. ಈಗ ಚೆಂಡು ಚಲಿಸುತ್ತಿತ್ತೋ ನಿಂತಿತ್ತೋ ಎಂಬುದು ಲೆಕ್ಕಕ್ಕೇ ಬರುವುದಿಲ್ಲ. ಹಿಡಿಯುವ ಹೊತ್ತಿಗೆ ಚೆಂಡು ಆ ಕಾಣದ ಗೋಡೆಯನ್ನು ತಲುಪಿದ್ದರೆ ಹಿಡಿದವನ ಮೇಲೆ ಹೊಣೆಯಿಲ್ಲ, ತಲುಪಿರದಿದ್ದರೆ ಹೊರಗೆ ಒಯ್ದವನು ಅವನೇ. ನಮ್ಮ ದೃಶ್ಯದ ಆಟಗಾರ ಒಂದು ಗೇಣಿನ ಅಂತರದಲ್ಲಿ ತನ್ನ ತಂಡದ ಥ್ರೋ ಕಳೆದುಕೊಂಡ.

ಇದೇ ನಿಯಮ ನೇರವಾಗಿ ಗಾಳಿಯಲ್ಲಿ ಬರುವ ಚೆಂಡಿಗೂ ಅನ್ವಯಿಸುತ್ತದೆ, ಅಲ್ಲಿ ನಷ್ಟ ಇನ್ನೂ ದೊಡ್ಡದು. ತನ್ನ 22 ಮೀಟರ್ ವಲಯದ (ಸ್ವಂತ ಗೋಲ್‌ಲೈನ್‌ನಿಂದ 22 ಮೀಟರ್ ಗೆರೆಯವರೆಗಿನ ಭಾಗ) ಹೊರಗಿನಿಂದ ಎದುರಾಳಿ ಎತ್ತರಕ್ಕೆ ಒದ್ದ ಚೆಂಡು ನೆಲ ಮುಟ್ಟದೆ ಹೊರಗೆ ಹೋಗುವಂತಿದೆ ಎಂದುಕೊಳ್ಳಿ. ಸುಮ್ಮನೆ ಬಿಟ್ಟರೆ ಲೈನ್‌ಔಟ್ ಒದ್ದ ಜಾಗದ ನೇರಕ್ಕೆ ಹಿಂದೆ ಹೋಗುತ್ತದೆ, ಥ್ರೋ ಕೂಡ ಸಿಗುತ್ತದೆ. ಆದರೆ ಹಿಂದೆ ಓಡಿ ಬಂದವನು ಗೆರೆಯ ಮೇಲೆ ಒಂದು ಕಾಲಿಟ್ಟು, ತೋಳನ್ನು ಮೈದಾನದೊಳಕ್ಕೆ ಚಾಚಿ ಆ ಚೆಂಡನ್ನು ಹಿಡಿದರೆ ಅದನ್ನು ಹೊರಗೆ ಒಯ್ದವನು ಅವನೇ ಆಗುತ್ತಾನೆ. ಲೈನ್‌ಔಟ್ ಅಲ್ಲೇ ನಡೆಯುತ್ತದೆ, ಥ್ರೋ ಒದ್ದ ತಂಡಕ್ಕೆ ಹೋಗುತ್ತದೆ. ಚೆಂಡನ್ನು ಗೋಡೆಯಾಚೆ ಹಿಡಿದರೂ ಈಚೆ ಹಿಡಿದರೂ ಪ್ರೇಕ್ಷಕರ ಕಣ್ಣಿಗೆ ಎರಡೂ ಒಂದೇ ಹಿಡಿತ, ನಿಯಮದ ದೃಷ್ಟಿಯಲ್ಲಿ ಅವೆರಡರ ನಡುವೆ ಅರ್ಧ ಮೈದಾನದ ದೂರವಿರಬಹುದು. ಇನ್ನೊಂದು ಕಡೆ, ಮೈದಾನದೊಳಗಿಂದ ಜಿಗಿದವನು ಚೆಂಡು ಗೋಡೆ ದಾಟಿದ ಮೇಲೂ ಅದನ್ನು ಗಾಳಿಯಲ್ಲಿರುವಾಗಲೇ ಒಳಕ್ಕೆ ತಟ್ಟಿದರೆ, ಆಮೇಲೆ ಅವನು ಹೊರಗೇ ಬಿದ್ದರೂ ಆಟ ಮುಂದುವರಿಯುತ್ತದೆ. ಪೆನಾಲ್ಟಿಯಲ್ಲಿ ಟಚ್‌ಗೆ ಒದ್ದ ಚೆಂಡನ್ನು ಅಂಚಿನಲ್ಲಿ ಆಡುವ ವಿಂಗರ್‌ಗಳು ಹೀಗೆ ಉಳಿಸಿಕೊಳ್ಳುವುದನ್ನು ಈಗ ಆಗಾಗ ನೋಡುತ್ತೇವೆ. ಆಟವನ್ನು ಉಳಿಸಲು ಹೆಣಗುವವನಿಗೆ ನಿಯಮ ಅವಕಾಶ ಕೊಡುತ್ತದೆ, ಗೆರೆಯ ಮೇಲೆ ಕಾಲಿಟ್ಟು ಆಟವನ್ನು ನಿಲ್ಲಿಸುವವನಿಗೆ ಕೊಡುವುದಿಲ್ಲ. ಈ ಒಲವು ನನಗೆ ಸರಿಯೆನಿಸುತ್ತದೆ.

ಚೆಂಡು ಎಲ್ಲಿಂದ ಒಳಗೆ ಬರಬೇಕು ಎಂಬ ಪ್ರಶ್ನೆಗೆ ಒಂದು ಇತಿಹಾಸವಿದೆ. 1963ರಲ್ಲಿ ಎಡಿನ್‌ಬರದ ಮರೆಫೀಲ್ಡ್‌ನಲ್ಲಿ ಸ್ಕಾಟ್ಲೆಂಡ್ ವಿರುದ್ಧ ಆಡಿದ ವೇಲ್ಸ್ ತಂಡದ ನಾಯಕ ಕ್ಲೈವ್ ರೋಲಂಡ್ಸ್ ಚೆಂಡು ಸಿಕ್ಕಾಗಲೆಲ್ಲ ಟಚ್‌ಗೆ ಒದೆಯುತ್ತಲೇ ಹೋದರು. ಆ ಪಂದ್ಯದಲ್ಲಿ 111 ಲೈನ್‌ಔಟ್‌ಗಳಾದವು. ವೇಲ್ಸ್ 6-0 ಅಂತರದಿಂದ ಗೆದ್ದಿತು. ಆಗ ಮೈದಾನದ ಯಾವ ಮೂಲೆಯಿಂದ ನೇರವಾಗಿ ಹೊರಗೆ ಒದ್ದರೂ ಚೆಂಡು ಗೆರೆ ದಾಟಿದ ಜಾಗದಲ್ಲೇ ಲೈನ್‌ಔಟ್ ಆಗುತ್ತಿತ್ತು. ಒದೆತಕ್ಕೆ ಯಾವ ದಂಡವೂ ಇರಲಿಲ್ಲ, ಒದೆದಷ್ಟೂ ಲಾಭ. ಅದೇ ದಶಕದ ಕೊನೆಯಲ್ಲಿ, ಆಸ್ಟ್ರೇಲಿಯಾದಲ್ಲಿ ಮೊದಲೇ ಬಳಕೆಯಲ್ಲಿದ್ದ ಪದ್ಧತಿಯನ್ನು ಎಲ್ಲ ಕಡೆಗೂ ವಿಸ್ತರಿಸಲಾಯಿತು. ಸ್ವಂತ ಗೋಲ್‌ಲೈನ್‌ಗೆ ಹತ್ತಿರದ ವಲಯದೊಳಗಿಂದ ಒದ್ದರೆ ಮಾತ್ರ ನೇರ ಟಚ್‌ಗೆ ದೂರ ದಕ್ಕುತ್ತದೆ. ಅದರಾಚೆಯಿಂದ ಒದ್ದ ಚೆಂಡು ನೆಲಕ್ಕೆ ತಾಗದೆ ಹೊರಹೋದರೆ ಲೈನ್‌ಔಟ್ ಒದ್ದ ಜಾಗದ ನೇರಕ್ಕೇ ಬರುತ್ತದೆ. ಅಪಾಯದಲ್ಲಿರುವವನಿಗೆ ಬಿಡುಗಡೆಯ ದಾರಿ ಬೇಕು, ಅಪಾಯವಿಲ್ಲದವನಿಗೆ ಅದೇ ದಾರಿ ಬೇಡ ಎಂಬುದು ಅದರ ತರ್ಕ.

ತಂಡಗಳು ಬೇಗನೆ ಇದಕ್ಕೊಂದು ಕಿಂಡಿ ಕಂಡುಕೊಂಡವು. 22 ಮೀಟರ್ ಗೆರೆಯ ಹೊರಗಿದ್ದವನು ಚೆಂಡನ್ನು ಹಿಂದಕ್ಕೆ, ವಲಯದೊಳಗಿದ್ದ ತನ್ನ ಜೊತೆಗಾರನಿಗೆ ಪಾಸ್ ಮಾಡುವುದು, ಅವನು ಹಾಯಾಗಿ ಟಚ್‌ಗೆ ಒದೆಯುವುದು. 2009ರಲ್ಲಿ ಆ ಕಿಂಡಿಯನ್ನು ಮುಚ್ಚಲಾಯಿತು. ತಂಡವೇ ಚೆಂಡನ್ನು ತನ್ನ 22ರೊಳಕ್ಕೆ ಒಯ್ದಿದ್ದರೆ, ನಡುವೆ ಎದುರಾಳಿ ಚೆಂಡನ್ನು ಮುಟ್ಟದೆ, ಟ್ಯಾಕಲ್ (ಚೆಂಡು ಹಿಡಿದವನನ್ನು ಕೆಡವುವುದು), ರಕ್ (ನೆಲದ ಮೇಲಿನ ಚೆಂಡಿನ ಸುತ್ತ ನೂಕಾಟ), ಮೌಲ್ (ಚೆಂಡು ಹಿಡಿದು ನಿಂತವನ ಸುತ್ತ ನೂಕಾಟ) ಯಾವುದೂ ಆಗದೆ ಇದ್ದರೆ, ನೇರ ಟಚ್‌ಗೆ ದೂರದ ಲಾಭ ಸಿಗುವುದಿಲ್ಲ. ಈ ತಿದ್ದುಪಡಿಯನ್ನು ಓದುವಾಗ ಹಲವರು ತಪ್ಪುವ ಒಂದು ಜಾಗವಿದೆ, ಅದಕ್ಕೆ ಕ್ವಿಕ್ ಥ್ರೋ (ಲೈನ್‌ಔಟ್‌ಗೆ ಕಾಯದೆ ಮಾಡುವ ಎಸೆತ) ಪ್ರಸ್ತಾಪದಲ್ಲಿ ಮರಳುತ್ತೇನೆ.

2021ರ ಆಗಸ್ಟ್‌ನಿಂದ ಜಾಗತಿಕ ಪ್ರಯೋಗವಾಗಿ ಬಂದು, ಮರುವರ್ಷ ಶಾಶ್ವತವಾದ 50:22 ನಿಯಮ ಇದೇ ತರ್ಕವನ್ನು ಇನ್ನೊಂದು ದಿಕ್ಕಿಗೆ ಚಾಚುತ್ತದೆ. ತನ್ನ ಅರ್ಧದೊಳಗಿಂದ ಒದ್ದ ಚೆಂಡು ನೇರವಾಗಿ ಹೋಗದೆ, ನೆಲಕ್ಕೆ ಪುಟಿದು, ಎದುರಾಳಿಯ 22ರೊಳಗೆ ಟಚ್‌ಗೆ ಹೋದರೆ ಥ್ರೋ ಒದ್ದ ತಂಡಕ್ಕೇ ಸಿಗುತ್ತದೆ. ರಗ್ಬಿ ಲೀಗ್‌ನ 40/20 ಪದ್ಧತಿಯ ನೆರಳು ಇದರಲ್ಲಿದೆ. ಇಂಥ ಒದೆತಕ್ಕೆ ಹೆದರಿ ರಕ್ಷಣೆಯ ತಂಡ ಒಬ್ಬಿಬ್ಬರನ್ನು ಹಿಂದೆ ನಿಲ್ಲಿಸಲಿ, ಆಗ ಮುಂದಿನ ಸಾಲು ತೆಳುವಾಗಿ ಓಡುವವರಿಗೆ ಜಾಗ ತೆರೆಯಲಿ ಎಂಬುದು ಉದ್ದೇಶ. ಆದರೆ ಇಲ್ಲಿಯೂ ಚೆಂಡನ್ನು ತಾವೇ ತಮ್ಮ ಅರ್ಧಕ್ಕೆ ಹಿಂದೆ ಒಯ್ದು ಕೂಡಲೇ ಒದ್ದರೆ ಬಹುಮಾನವಿಲ್ಲ. 2009ರ ತಿದ್ದುಪಡಿಯ ಮಾತೇ ಬೇರೊಂದು ಗೆರೆಯ ಮೇಲೆ ಮರುಕಳಿಸಿದೆ. ಒಂದನ್ನು ಅರ್ಥ ಮಾಡಿಕೊಂಡವರಿಗೆ ಇನ್ನೊಂದನ್ನು ಬಾಯಿಪಾಠ ಮಾಡುವ ಅಗತ್ಯವಿಲ್ಲ.

ಕಿಕ್-ಆಫ್ ಚೆಂಡು ನೇರವಾಗಿ ಟಚ್‌ಗೆ ಹೋದಾಗಿನ ವಿಚಾರ ಬೇರೆ. ಅದು ಒದ್ದವನ ತಪ್ಪು, ಆಯ್ಕೆ ಎದುರಾಳಿಗೆ: ಮತ್ತೆ ಒದೆಸಬಹುದು, ಸ್ಕ್ರಮ್ (ಎರಡೂ ತಂಡಗಳ ಆಟಗಾರರು ಹೆಣೆದುಕೊಂಡು ಚೆಂಡಿಗಾಗಿ ನೂಕಾಡುವ ಮರುಆರಂಭ) ಕೇಳಬಹುದು, ಲೈನ್‌ಔಟ್ ತೆಗೆದುಕೊಳ್ಳಬಹುದು, ಸಮಯ ಸಿಕ್ಕರೆ ಕ್ವಿಕ್ ಥ್ರೋ ಮಾಡಬಹುದು. ಮೂಲೆಯ ಬಾವುಟದ ಕಂಬವನ್ನು ಮುಟ್ಟಿದರೆ ಔಟ್ ಎಂಬ ನಂಬಿಕೆ ಇನ್ನೂ ಕೆಲವರಲ್ಲಿದೆ, ಅದು 2009ರಲ್ಲೇ ಬದಲಾಯಿತು. ಇವುಗಳ ಬಗ್ಗೆ ಇದಕ್ಕಿಂತ ಹೆಚ್ಚು ಹೇಳಬೇಕಾದ್ದಿಲ್ಲ.

ಹೆಚ್ಚು ಹೇಳಬೇಕಾದದ್ದು ಕ್ವಿಕ್ ಥ್ರೋ ಬಗ್ಗೆ. ಲೈನ್‌ಔಟ್ ಕಟ್ಟುವವರೆಗೆ ಕಾಯದೆ, ಹೊರಗಿನಿಂದ ಒಬ್ಬನೇ ಚೆಂಡನ್ನು ಎಸೆದು ಆಟ ಮುಂದುವರಿಸುವ ಈ ಅವಕಾಶ ರಗ್ಬಿಯ ಅತ್ಯಂತ ಸುಂದರ ಕ್ಷಣಗಳಲ್ಲಿ ಒಂದಕ್ಕೆ ಕಾರಣವಾಗುತ್ತದೆ, ಅದರಷ್ಟೇ ಜಗಳಗಳಿಗೂ. ಮೂರು ಸಂದರ್ಭಗಳಲ್ಲಿ ಅದು ಇಲ್ಲ: ಲೈನ್‌ಔಟ್ ಆಗಲೇ ರೂಪುಗೊಂಡಿದ್ದರೆ, ಎಸೆಯುವವನು ಅಥವಾ ಚೆಂಡನ್ನು ಹೊರಗೆ ಒಯ್ದ ಎದುರಾಳಿ ಇವರಿಬ್ಬರನ್ನು ಬಿಟ್ಟು ಬೇರೆ ಯಾರಾದರೂ ಚೆಂಡನ್ನು ಮುಟ್ಟಿದ್ದರೆ, ಹೊರಗೆ ಹೋದ ಚೆಂಡಿನ ಬದಲು ಬೇರೆ ಚೆಂಡು ಬಳಕೆಯಾದರೆ. ಮೂರರಲ್ಲೂ ಪರಿಣಾಮ ಒಂದೇ, ಅದೇ ತಂಡದ ಥ್ರೋಗೆ ಲೈನ್‌ಔಟ್.

ಎರಡನೆಯ ನಿಬಂಧನೆಯ ಹಿನ್ನೆಲೆ ಕುತೂಹಲಕರ. ರಗ್ಬಿ ಶಾಲೆಯ ವಿದ್ಯಾರ್ಥಿಗಳು 1845ರಲ್ಲಿ ಮೊದಲ ಬಾರಿಗೆ ಬರೆದಿಟ್ಟ ನಿಯಮಗಳಲ್ಲಿ ಹೊರಗೆ ಹೋದ ಚೆಂಡನ್ನು ಮೊದಲು ಹೋಗಿ ಮುಟ್ಟಿದವನೇ ಅದನ್ನು ಗೆರೆಯ ಅಂಚಿಗೆ ತಂದು ನೇರವಾಗಿ ಎಸೆಯಬೇಕಿತ್ತು. ಟಚ್ ಎಂಬ ಹೆಸರು ಬಂದದ್ದೇ ಆ ಮುಟ್ಟುವಿಕೆಯಿಂದ. ಅಂದರೆ ಗೆರೆಯಾಚೆಗಿನ ಸ್ಪರ್ಶ ಅಂದು ಹಕ್ಕನ್ನು ಹುಟ್ಟಿಸುತ್ತಿತ್ತು. ಇಂದು ತಪ್ಪು ಕೈಯ ಸ್ಪರ್ಶ ಆ ಹಕ್ಕಿನ ಒಂದು ಭಾಗವನ್ನು ಅಳಿಸುತ್ತದೆ. ಪ್ರೇಕ್ಷಕ, ಬದಲಿ ಆಟಗಾರ, ನೀರು ಕೊಡುವವನು, ಬಾಲ್ ಬಾಯ್, ಯಾರೇ ಆದರೂ ಸರಿ, ಸ್ವಂತ ತಂಡದ ಜೊತೆಗಾರನೇ ಚೆಂಡನ್ನು ಎತ್ತಿ ಕೈಗೆ ಕೊಟ್ಟರೂ ಕ್ವಿಕ್ ಥ್ರೋ ಇಲ್ಲ. ಜೊತೆಗಾರ ಕೊಟ್ಟರೇನು ತಪ್ಪು ಎಂದು ಕೇಳುವವರುಂಟು. ಉತ್ತರವಿಷ್ಟೆ: ಇಲ್ಲಿ ನಿಯಮ ರೆಫರಿಯಿಂದ ವಿವೇಚನೆಯನ್ನು ಕೇಳುತ್ತಿಲ್ಲ, ಕಣ್ಣಿಗೆ ಕಾಣುವ ಒಂದು ಸಂಗತಿಯನ್ನು ಕೇಳುತ್ತಿದೆ. ಯಾರು ಮುಟ್ಟಿದರು, ಯಾವ ಚೆಂಡು, ಇಷ್ಟೇ. ಮೈದಾನದ ಸುತ್ತ ಹಲವು ಚೆಂಡುಗಳನ್ನು ಹಿಡಿದು ನಿಂತವರು ಸಾಮಾನ್ಯವಾಗಿ ಆತಿಥೇಯ ತಂಡದ ಕಡೆಯವರು. ಅವರು ಒಂದು ತಂಡಕ್ಕೆ ಚೆಂಡನ್ನು ಚುರುಕಾಗಿ, ಇನ್ನೊಂದಕ್ಕೆ ನಿಧಾನವಾಗಿ ಕೊಡುವ ಸಾಧ್ಯತೆಯನ್ನು ಬೇರುಸಹಿತ ಕೀಳಬೇಕಾದರೆ ವಿನಾಯಿತಿಗಳಿಲ್ಲದ ನಿಯಮವೇ ಬೇಕು. ಹೊಸ ಚೆಂಡಿನಿಂದ ಯಾರಿಗೂ ಅನ್ಯಾಯವಾಗಲಿಲ್ಲ, ಆಟ ಸಾಗಲಿ ಬಿಡಿ ಎಂಬ ಉದಾರ ವ್ಯಾಖ್ಯಾನ ಇಲ್ಲಿ ಸಲ್ಲದು. ಕಾರ್ಡಿಫ್‌ನಲ್ಲಿ ಅನ್ಯಾಯವಾದದ್ದು ಆ ಅವಸರದಿಂದಲೇ.

ಒಂದು ಬಿರುಕು ಮಾತ್ರ ಉಳಿದಿದೆ. ಎದುರಾಳಿಯೊಬ್ಬ ಬೇಕೆಂದೇ ಚೆಂಡನ್ನು ಮುಟ್ಟಿ ಕ್ವಿಕ್ ಥ್ರೋ ಅವಕಾಶವನ್ನೇ ಕೆಡಿಸಿದರೆ? ಚೆಂಡನ್ನು ತಾನೇ ಹೊರಗೆ ಒಯ್ದವನು ಅದನ್ನು ಕೂಡಲೇ ಬಿಡಬೇಕು, ಬಿಡದಿದ್ದರೆ ಪೆನಾಲ್ಟಿ ಎಂದು ನಿಯಮ ಸ್ಪಷ್ಟವಾಗಿ ಹೇಳುತ್ತದೆ. ಬೇರೆ ಎದುರಾಳಿಯ ವಿಷಯದಲ್ಲಿ ರೆಫರಿ 9ನೇ ನಿಯಮದ, ಸಮಯ ವ್ಯರ್ಥ ಮಾಡುವುದನ್ನು ನಿಷೇಧಿಸುವ ಮಾತಿನತ್ತ ತಿರುಗಬೇಕಾಗುತ್ತದೆ. ಉರುಳುತ್ತಿದ್ದ ಚೆಂಡು ಕಾಲಿಗೆ ತಾಗುವುದಕ್ಕೂ, ಎತ್ತಿಕೊಂಡು ನಾಲ್ಕು ಹೆಜ್ಜೆ ನಡೆದು ಕೆಳಗೆ ಹಾಕುವುದಕ್ಕೂ ವ್ಯತ್ಯಾಸ ಕಾಣದ ರೆಫರಿ ಇರಲಾರರು. ಎರಡನೆಯದನ್ನು ಸುಮ್ಮನೆ ಬಿಡುವುದು ಮಾತ್ರ ತುಂಬ ಸಾಮಾನ್ಯವಾಗಿದೆ ಎಂಬುದು ನನ್ನ ದೂರು.

ಲೈನ್‌ಔಟ್ ರೂಪುಗೊಂಡಿತು ಎನ್ನಲು ಎರಡೂ ತಂಡಗಳಿಂದ ತಲಾ ಇಬ್ಬರಾದರೂ ಜಾಗದಲ್ಲಿ ನಿಂತಿರಬೇಕು. ಹಾಗಾಗಿ ರಕ್ಷಣೆಯ ತಂಡದ ನಾಲ್ಕು ಜನ ಓಡಿ ಬಂದು ಸಾಲಾಗಿ ನಿಂತರೂ, ಎಸೆಯುವ ತಂಡದವರು ಇನ್ನೂ ಬಂದಿಲ್ಲವಾದರೆ ಕ್ವಿಕ್ ಥ್ರೋ ಬದುಕಿರುತ್ತದೆ. ಎಸೆತ ಎರಡು ಷರತ್ತುಗಳಿಗೆ ಒಳಪಟ್ಟಿದೆ. ಚೆಂಡು ನೆಲಕ್ಕಾಗಲಿ ಆಟಗಾರನಿಗಾಗಲಿ ತಾಗುವ ಮೊದಲು 5 ಮೀಟರ್ ಗೆರೆಯನ್ನು ತಲುಪಬೇಕು, ಮತ್ತು ನೇರವಾಗಿ ಇಲ್ಲವೇ ಎಸೆಯುವವನ ಸ್ವಂತ ಗೋಲ್‌ಲೈನ್ ಕಡೆಗೆ ಸಾಗಬೇಕು. ಹಿಂದಕ್ಕೆ ಎಸೆಯುವ ಈ ಸ್ವಾತಂತ್ರ್ಯವೂ 2009ರ ಕೊಡುಗೆ. ಎಸೆಯುವ ಜಾಗದ ವಿಷಯದಲ್ಲಿ 2012ರ ತಿದ್ದುಪಡಿ ಇನ್ನಷ್ಟು ಅವಕಾಶ ಕೊಟ್ಟಿತು. ಮೊದಲು ಚೆಂಡು ಹೊರಹೋದ ಜಾಗದಿಂದ ಸ್ವಂತ ಗೋಲ್‌ಲೈನ್‌ವರೆಗೆ ಎಲ್ಲಿಂದಾದರೂ ಎಸೆಯಬಹುದಿತ್ತು, ಈಗ ಲೈನ್‌ಔಟ್ ನಡೆಯಬೇಕಾದ ಗುರುತಿನಿಂದಲೇ ಆ ಅವಕಾಶ ಆರಂಭವಾಗುತ್ತದೆ. 22ರ ಹೊರಗಿನಿಂದ ನೇರವಾಗಿ ಹೊರಗೆ ಒದ್ದ ಚೆಂಡಿನ ಸಂದರ್ಭದಲ್ಲಿ ಲೈನ್‌ಔಟ್ ಗುರುತು ಒದ್ದವನ ನೇರಕ್ಕೆ ಇರುವುದರಿಂದ, ಎಸೆಯುವವನು ಚೆಂಡನ್ನು ಎತ್ತಿಕೊಂಡು ಅಷ್ಟು ದೂರ ಮುಂದಕ್ಕೆ ಓಡಿ ಅಲ್ಲಿಂದ ಎಸೆದರೂ ಸರಿ.

2009ರ ತಿದ್ದುಪಡಿಯನ್ನು ಓದುವಾಗ ಹಲವರು ತಪ್ಪುತ್ತಾರೆ ಎಂದು ಹಿಂದೆ ಹೇಳಿದ ಜಾಗ ಇಲ್ಲಿದೆ. ಲೈನ್‌ಔಟ್ ಗುರುತು 22ರ ಹೊರಗಿದೆ. ಆಟಗಾರ ಚೆಂಡನ್ನು ಎತ್ತಿಕೊಂಡು ಗೆರೆಯ ಹೊರಗೇ ಹಿಂದಕ್ಕೆ ನಡೆದು, ತನ್ನ 22ರ ನೇರದಲ್ಲಿ ನಿಂತು ಜೊತೆಗಾರನಿಗೆ ಎಸೆಯುತ್ತಾನೆ. ಜೊತೆಗಾರ ಅದನ್ನು ದೂರಕ್ಕೆ, ನೇರವಾಗಿ ಟಚ್‌ಗೆ ಒದೆಯುತ್ತಾನೆ. ತಾನು 22ರೊಳಗೆ ನಿಂತೇ ಒದ್ದೆ ಎಂಬ ಅವನ ವಾದ ನಿಲ್ಲುವುದಿಲ್ಲ, ಏಕೆಂದರೆ ಚೆಂಡನ್ನು ಆ ವಲಯದೊಳಕ್ಕೆ ತಂದದ್ದು ಅವನ ತಂಡವೇ. ದೂರ ದಕ್ಕುವುದಿಲ್ಲ, ಲೈನ್‌ಔಟ್ ಒದ್ದ ಜಾಗದ ನೇರಕ್ಕೇ. ಕಾಲು ಎಲ್ಲಿತ್ತು ಎಂಬುದಕ್ಕಿಂತ ಚೆಂಡು ಅಲ್ಲಿಗೆ ಹೇಗೆ ಬಂತು ಎಂಬುದನ್ನು ನೋಡುವ ಅಭ್ಯಾಸ ಈ ನಿಯಮದ ಅರ್ಧ ಗೊಂದಲವನ್ನು ನಿವಾರಿಸುತ್ತದೆ.

ಇನ್ನು ಈ ಹೊತ್ತಿನ ಚರ್ಚೆ, ನೇರ ಎಸೆತದ್ದು. ಲೈನ್‌ಔಟ್‌ನಲ್ಲಿ ಎರಡು ಸಾಲುಗಳ ನಡುವೆ 1 ಮೀಟರ್ ಅಂತರ. ಸಾಮಾನ್ಯವಾಗಿ ಚೆಂಡು ಎಸೆಯುವ ಆಟಗಾರನಾದ ಹೂಕರ್ ಅದನ್ನು ಟವೆಲ್‌ನಿಂದ ಒರೆಸಿ, ತಲೆಯ ಮೇಲೆತ್ತಿ, ಆ ಅಂತರದ ನಟ್ಟನಡುವೆ ಕಳಿಸಬೇಕು. ಎಸೆತ ತನ್ನವರ ಭುಜದ ಮೇಲಕ್ಕೆ ವಾಲಿದರೆ ರೆಫರಿ ಸೀಟಿ ಊದುತ್ತಾರೆ, ಎದುರಾಳಿಗೆ ಲೈನ್‌ಔಟ್ ಅಥವಾ ಸ್ಕ್ರಮ್ ಆಯ್ಕೆ. ಚೆಂಡು ನೇರವಾಗಿ ಬರಬೇಕು ಎಂಬ ಮಾತು 1845ರ ಬರಹದಲ್ಲೇ ಇದೆ ಎಂಬುದನ್ನು ಈಗಾಗಲೇ ನೋಡಿದೆವು. ಅಷ್ಟು ಹಳೆಯ ನಿಯಮಕ್ಕೆ 2024ರ ನವೆಂಬರ್‌ನಲ್ಲಿ ವರ್ಲ್ಡ್ ರಗ್ಬಿ ಮಂಡಳಿ ಒಂದು ಸಡಿಲಿಕೆಯನ್ನು ಒಪ್ಪಿತು. 2025ರ ಜನವರಿ 1ರ ನಂತರ ಆರಂಭವಾಗುವ ಸ್ಪರ್ಧೆಗಳಲ್ಲಿ, ಎದುರಾಳಿ ತಂಡ ಚೆಂಡಿಗಾಗಿ ಪೈಪೋಟಿ ನಡೆಸದಿದ್ದರೆ ಎಸೆತ ನೇರವಾಗಿಲ್ಲದಿದ್ದರೂ ಆಟ ಮುಂದುವರಿಯಲಿ ಎಂಬುದು ಆ ಪ್ರಯೋಗದ ಸಾರ.

ನೇರ ಎಸೆತ ಏಕೆ ಬೇಕು ಎಂದು ಕೇಳಿಕೊಂಡರೆ ಈ ಸಡಿಲಿಕೆ ಸಹಜವೆನಿಸುತ್ತದೆ. ಎರಡು ತಂಡಗಳಿಗೂ ಚೆಂಡು ಪಡೆಯುವ ಅವಕಾಶ ಇರಲೆಂದೇ ಅದು ನಡುವೆ ಬರಬೇಕು. ಎದುರಾಳಿ ತಂಡ ಆ ಅವಕಾಶವನ್ನು ತಾನಾಗಿ ಬಿಟ್ಟುಕೊಟ್ಟಾಗ, ಅಂದರೆ ಯಾರನ್ನೂ ಮೇಲಕ್ಕೆತ್ತದೆ, ಮುಂದೆ ಬರಲಿರುವ ಮೌಲ್ ಅನ್ನು ತಡೆಯಲು ನೆಲದ ಮೇಲೇ ಸಜ್ಜಾಗಿ ನಿಂತಾಗ, ಓರೆ ಎಸೆತದಿಂದ ಅದಕ್ಕೆ ನಷ್ಟವೇನೂ ಇಲ್ಲ. ನಷ್ಟವಿಲ್ಲದವನಿಗೆ ಸೀಟಿಯ ಬಹುಮಾನವೇಕೆ? ಬೇರೆ ಚೆಂಡಿನ ನಿಬಂಧನೆಯನ್ನು ಅಕ್ಷರಶಃ ಓದಬೇಕೆಂದು ವಾದಿಸಿದ ನಾನೇ ಇಲ್ಲಿ ಉದ್ದೇಶವನ್ನು ನೋಡಿ ಓದಬೇಕೆನ್ನುವುದು ವಿರೋಧಾಭಾಸವೆಂದು ತೋರಬಹುದು. ಹಾಗಲ್ಲ. ಅಲ್ಲಿ ಹೊರಗಿನವರ ಕೈವಾಡವನ್ನು ತಡೆಯುವುದೇ ಉದ್ದೇಶ, ಅದಕ್ಕೆ ಕಟ್ಟುನಿಟ್ಟೇ ಸಾಧನ. ಇಲ್ಲಿ ಪೈಪೋಟಿಯನ್ನು ಕಾಯುವುದು ಉದ್ದೇಶ, ಪೈಪೋಟಿಯೇ ಇಲ್ಲದಲ್ಲಿ ಕಾಯಲು ಏನೂ ಉಳಿದಿಲ್ಲ. ಮೇಲಾಗಿ ಇಲ್ಲಿ ಉದ್ದೇಶವನ್ನು ಊಹಿಸಿದ್ದು ರೆಫರಿಯಲ್ಲ, ನಿಯಮ ಮಾಡುವವರೇ ಅದನ್ನು ಬರೆದುಕೊಟ್ಟಿದ್ದಾರೆ. ಆ ಹಕ್ಕು ಮೈದಾನದಲ್ಲಿ ಸೀಟಿ ಹಿಡಿದವರದಲ್ಲ.

ತೊಡಕು ಇರುವುದು ಪೈಪೋಟಿ ಎಂಬ ಪದದಲ್ಲಿ. ಎದುರಾಳಿ ತಂಡ ತನ್ನ ಜಿಗಿತಗಾರನನ್ನು ಮೇಲಕ್ಕೆ ಎತ್ತಿತೇ ಎಂಬುದೇ ರೆಫರಿಗಳು ಮೊದಲು ನೋಡುವ ಗುರುತು, ಅದು ಒಳ್ಳೆಯ ಗುರುತೂ ಹೌದು, ಏಕೆಂದರೆ ಎಲ್ಲರಿಗೂ ಕಾಣುತ್ತದೆ. ಆದರೆ ಎತ್ತುವುದಕ್ಕೂ ಒಂದು ಕಾಲವಿದೆ. ಚೆಂಡು ಹೂಕರ್‌ನ ಕೈ ಬಿಟ್ಟು ಎಸೆಯುವ ತಂಡದ ಜಿಗಿತಗಾರನ ಬೆರಳಿಗೆ ತಲುಪಲು ಒಂದು ಕ್ಷಣ ಸಾಕು. ಆ ಕ್ಷಣದ ಕೊನೆಯಲ್ಲಿ, ಎಸೆತ ಓರೆಯಾದದ್ದನ್ನು ಕಂಡ ಎದುರಾಳಿ ತಮ್ಮವನನ್ನು ಅರ್ಧಂಬರ್ಧ ಎತ್ತಿ, ನಾವೂ ಪೈಪೋಟಿ ನಡೆಸಿದೆವು ಎಂದು ರೆಫರಿಯ ಕಡೆ ಕೈ ಚಾಚಿದರೆ ಅದನ್ನು ಪೈಪೋಟಿ ಎನ್ನಬೇಕೇ? ನನ್ನ ಮಟ್ಟಿಗೆ ಉತ್ತರ ಇಲ್ಲ ಎಂದೇ. ಚೆಂಡು ನೇರವಾಗಿ ಬಂದಿದ್ದರೆ ಆ ಆಟಗಾರನಿಗೆ ಅದು ಸಿಗುವ ಸಾಧ್ಯತೆ ಇತ್ತೇ ಎಂದು ರೆಫರಿ ಕೇಳಿಕೊಳ್ಳಬೇಕು. ಸಾಲಿನ ಹಿಂಭಾಗಕ್ಕೆ ಹೋದ ಎಸೆತಕ್ಕೆ ಮುಂಭಾಗದಲ್ಲಿ ಒಬ್ಬನನ್ನು ಎತ್ತಿದ್ದರೂ ಇದೇ ಅಳತೆ ಸಲ್ಲಬೇಕು. ಆದರೆ ಇಲ್ಲಿ ಅಷ್ಟು ಖಚಿತವಾಗಿ ಹೇಳಲಾರೆ. ಮುಂಭಾಗದಲ್ಲಿ ಎದ್ದು ನಿಂತವನು ಚೆಂಡಿನ ದಾರಿಯನ್ನು ಅಡ್ಡಗಟ್ಟುತ್ತಿರುತ್ತಾನೆ, ಅವನನ್ನು ತಪ್ಪಿಸಲೆಂದೇ ಹೂಕರ್ ಓರೆಯಾಗಿ ಎಸೆದಿರಬಹುದು. ಹಾಗಿದ್ದರೆ ಆ ತಂಡ ಪೈಪೋಟಿ ನಡೆಸಿದಂತೆಯೇ, ಸೀಟಿ ಅದಕ್ಕೆ ಸಲ್ಲಬೇಕಾದದ್ದು.

ಈ ಸಡಿಲಿಕೆ ಲೈನ್‌ಔಟ್‌ಗೆ ಮಾತ್ರ, ಮತ್ತು ನೇರತನದ ವಿಷಯಕ್ಕೆ ಮಾತ್ರ. ಪೈಪೋಟಿ ಇರಲಿ ಬಿಡಲಿ ಚೆಂಡು 5 ಮೀಟರ್ ಸಾಗಲೇಬೇಕು. ಕ್ವಿಕ್ ಥ್ರೋದಲ್ಲಿ ಎದುರಾಳಿ ಯಾರೂ ಹತ್ತಿರವಿಲ್ಲದಿದ್ದರೂ ಚೆಂಡನ್ನು ಎದುರಾಳಿಯ ಗೋಲ್‌ಲೈನ್ ಕಡೆಗೆ ಎಸೆಯುವಂತಿಲ್ಲ. ಪೈಪೋಟಿ ಇಲ್ಲದಿದ್ದರೆ ಏನು ಬೇಕಾದರೂ ನಡೆಯುತ್ತದೆ ಎಂದು ಓದಿಕೊಂಡ ಆಟಗಾರರನ್ನು ನೋಡಿದ್ದೇನೆ, ಅವರ ಎಸೆತಕ್ಕೆ ಸೀಟಿ ಬಿದ್ದಾಗ ಅವರಿಗಾದ ಅಚ್ಚರಿ ನಿಜವಾದದ್ದೇ.

ಅದೇ ನಿರ್ಣಯಗಳ ಜೊತೆ ಬಂದ ಇನ್ನೊಂದು ಬದಲಾವಣೆ ಲೈನ್‌ಔಟ್ ಸಿದ್ಧತೆಗೆ 30 ಸೆಕೆಂಡುಗಳ ಮಿತಿ. ಆಟಗಾರರು ಗುಂಪು ಕೂಡಿ ಸಂಕೇತ ಮಾತಾಡುತ್ತ ಉಸಿರು ತೆಗೆದುಕೊಳ್ಳುವ ಅಭ್ಯಾಸಕ್ಕೆ ಇದು ಕಡಿವಾಣ. ಇದರ ಜೊತೆಗೆ ಅರ್ಧಾವಧಿ ಮುಗಿಯುವ ನಿಯಮವನ್ನೂ ಇಟ್ಟು ನೋಡಬೇಕು. ಸಮಯ ತೀರುವ ಮೊದಲೇ ಕೊಟ್ಟ ಲೈನ್‌ಔಟ್ ಪೂರ್ತಿಯಾಗಲೇಬೇಕು. ಸಮಯ ತೀರಿದ ಮೇಲೆ ಸಿಕ್ಕ ಪೆನಾಲ್ಟಿಯನ್ನು ನೇರವಾಗಿ ಟಚ್‌ಗೆ ಒದ್ದರೂ ಲೈನ್‌ಔಟ್ ಆಡಿಸಬೇಕು. ಗಡಿಯಾರ ಕೆಂಪಾದ ಮೇಲೆ ಚೆಂಡು ಹೊರಗೆ ಹೋದರೆ ಆಟ ಮುಗಿಯಿತು ಎಂದು ಎದ್ದು ಹೊರಡುವ ಪ್ರೇಕ್ಷಕ ಅದನ್ನು ಹೊರಗೆ ಹಾಕಿದ್ದು ಯಾವ ಒದೆತ ಎಂದು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಪಂದ್ಯಕ್ಕೆ ಮೊದಲು ರೆಫರಿ ಎರಡೂ ತಂಡಗಳ ಮುಂಚೂಣಿ ಆಟಗಾರರ ಜೊತೆ ಕೆಲವು ನಿಮಿಷ ಮಾತಾಡುವ ರೂಢಿಯಿದೆ. ಹೆಚ್ಚಿನ ಹೊತ್ತು ಸ್ಕ್ರಮ್ ವಿಚಾರಕ್ಕೇ ಹೋಗುತ್ತದೆ. ಈಗ ಅಲ್ಲಿ ಹೂಕರ್‌ಗಳು ಕೇಳಬೇಕಾದ ಒಂದು ಪ್ರಶ್ನೆಯಿದೆ: ನಾನು ಚೆಂಡನ್ನು ಕೈಬಿಡುವಾಗ ಅವರ ಕಾಲು ನೆಲದ ಮೇಲಿದ್ದರೆ, ಅದನ್ನು ನೀವು ಪೈಪೋಟಿ ಎಂದು ಎಣಿಸುವಿರಾ? ಉತ್ತರ ಯಾವುದೇ ಇರಲಿ, ಎರಡೂ ತಂಡಗಳಿಗೆ ಅದು ಒಂದೇ ಆಗಿರಬೇಕು, ಮತ್ತು ಮೊದಲ ಎಸೆತಕ್ಕೆ ಮುಂಚೆಯೇ ಗೊತ್ತಿರಬೇಕು.